ಹಳೇ ಆರ್‌ಸಿ ವಿಮಾನ ಕೈಗೆ ಬಂದಿದೆ, ಹಾರಿಸುವ ಮುಂಚೆ ಏನೇನು ನೋಡಬೇಕು?

ಹೊಸರೆಕ್ಕೆ

ಎಲ್ಲರಿಗೂ ನಮಸ್ಕಾರ. ಪರಿಚಯದವರೊಬ್ಬರು ಅಟ್ಟ ಖಾಲಿ ಮಾಡುವಾಗ ತಮ್ಮ ಹಳೇ ರೇಡಿಯೊ ಕಂಟ್ರೋಲ್ ವಿಮಾನವನ್ನು ನನಗೆ ಕಡಿಮೆ ದುಡ್ಡಿಗೆ ಕೊಟ್ಟುಬಿಟ್ಟರು. ನಾಲ್ಕು ವರ್ಷದಿಂದ ಹಾರಿಸಿಲ್ಲವಂತೆ. ಏನು ಕೇಳಿದರೂ "ಆಗ ಚೆನ್ನಾಗಿ ಹಾರುತ್ತಿತ್ತಪ್ಪಾ" ಅನ್ನುತ್ತಾರೆ, ಬೇರೆ ಏನೂ ಅವರಿಗೆ ನೆನಪಿಲ್ಲ. ಮ್ಯಾನ್ಯುಯಲ್ ಇಲ್ಲ, ಡಬ್ಬ ಇಲ್ಲ, ಮಾಡೆಲ್ ಹೆಸರಿದ್ದ ಸ್ಟಿಕ್ಕರ್ ಕೂಡ ಅರ್ಧ ಕಿತ್ತು ಹೋಗಿದೆ.

ನಾನು ಅಳೆದು ನೋಡಿದ್ದು ಇಷ್ಟು. ರೆಕ್ಕೆ ಮೇಲ್ಭಾಗದಲ್ಲಿದೆ. ಈ ತುದಿಯಿಂದ ಆ ತುದಿಗೆ 1400 ಮಿಮೀ, ಅಗಲ ಉದ್ದಕ್ಕೂ ಒಂದೇ, 200 ಮಿಮೀ. ಥರ್ಮಾಕೋಲ್‌ಗಿಂತ ಗಟ್ಟಿಯಾದ, ಸ್ವಲ್ಪ ಬಳುಕುವ ಫೋಮ್. ಬ್ಯಾಟರಿ ಸೇರಿ ತೂಕ 1200 ಗ್ರಾಂ. 3ಎಸ್ (ಮೂರು ಸೆಲ್) 2200 ಎಂಎಎಚ್ ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಅದು ಸ್ವಲ್ಪ ಉಬ್ಬಿದೆ. ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ಮೇಲೆ 30 ಆಂಪಿಯರ್ ಅಂತ ಇದೆ, ಪ್ರಾಪ್ (ಮೂತಿಯ ಪಂಖ) ಮೇಲೆ 10×4.5 ಅಂತ. ಆರು ಚಾನೆಲ್ ರಿಮೋಟ್ ಜೊತೆಗೇ ಬಂತು. ಬ್ಯಾಟರಿ ಹಾಕಿದೆ, ಎಲ್ಲಾ ಅಲುಗಾಡುತ್ತದೆ, ಒಂದು ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್) ಮಾತ್ರ ಸುಮ್ಮನೆ ಇದ್ದಾಗಲೂ ಗುಂಯ್ ಅನ್ನುತ್ತಿದೆ.

ಇನ್ನೊಂದು ವಿಷಯ. ಮುಂದಿನಿಂದ ನೋಡಿದರೆ ಮೋಟರ್ ನೆಟ್ಟಗೆ ಕೂತಿಲ್ಲ. ಸ್ವಲ್ಪ ಒಂದು ಪಕ್ಕಕ್ಕೆ, ಸ್ವಲ್ಪ ಕೆಳಕ್ಕೆ ವಾಲಿದೆ. ಎಲ್ಲೋ ಬಿದ್ದು ಸೊಟ್ಟ ಆಗಿರಬೇಕು. ಹಿಂದೆ ವಾಷರ್ ಕೊಟ್ಟು ನೇರ ಮಾಡೋಣ ಅಂತಿದ್ದೇನೆ.

ಭಾನುವಾರ ಹಾರಿಸುವ ಆಸೆ. ವಿಡಿಯೊ ಬೇಕಾದಷ್ಟು ನೋಡಿದ್ದೇನೆ. ಕೈಯಲ್ಲಿ ರಿಮೋಟ್ ಹಿಡಿದದ್ದು ಮಾತ್ರ ಇದೇ ಮೊದಲು. ಏನು ನೋಡಿಕೊಳ್ಳಬೇಕು, ಎಲ್ಲಿಂದ ಶುರು ಮಾಡಬೇಕು ಹೇಳಿ.

ಗಾಳಿಮುಖ

ಮೊದಲು ಆ ವಾಷರ್ ಕೆಳಗಿಡಿ! ಮೋಟರ್ ಮುಟ್ಟಬೇಡಿ.

ಅದು ಸೊಟ್ಟ ಆಗಿರುವುದಲ್ಲ, ಬೇಕಂತಲೇ ಹಾಗೆ ಕೂರಿಸಿರುವುದು. ಹಿಂದೆ ನಿಂತು ನೋಡಿ, ಬಲಕ್ಕೆ ವಾಲಿದೆ ಅಲ್ವಾ? ಪ್ರಾಪ್ ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತದೆ. ಹಾಗಾಗಿ ವಿಮಾನದ ಮೈ ಎಡಕ್ಕೆ ಉರುಳಲು ನೋಡುತ್ತದೆ. ಜೊತೆಗೆ ಪ್ರಾಪ್‌ನ ಗಾಳಿ ಸುರುಳಿಯಾಗಿ ಹಿಂದಕ್ಕೆ ಹೋಗಿ ಬಾಲದ ನಿಂತ ರೆಕ್ಕೆಯ ಎಡಗಡೆಗೆ ಬಡಿಯುತ್ತದೆ, ಮೂತಿ ಇನ್ನಷ್ಟು ಎಡಕ್ಕೆ ತಿರುಗುತ್ತದೆ. ಇದಕ್ಕೆ ಉತ್ತರವೇ ಬಲಕ್ಕೆ ಎರಡು ಮೂರು ಡಿಗ್ರಿ ವಾಲು. ಕೆಳಗಿನ ವಾಲು ಯಾಕೆ ಅಂದರೆ, ಮೇಲೆ ರೆಕ್ಕೆ ಇರುವ ಟ್ರೇನರ್‌ಗಳು, ಅಂದರೆ ಕಲಿಯುವವರ ವಿಮಾನಗಳು, ಥ್ರಾಟಲ್ (ಮೋಟರ್ ವೇಗ) ಕೊಟ್ಟ ತಕ್ಷಣ ಮೂತಿ ಎತ್ತಿಕೊಂಡು ಏರುತ್ತವೆ, ಅದನ್ನು ತಡೆಯುವುದಕ್ಕೆ. ನೇರ ಮಾಡಿದ್ದರೆ ಮೊದಲ ಟೇಕಾಫ್‌ನಲ್ಲೇ ಎಡಕ್ಕೆ ಎಳೆದುಕೊಂಡು ಹೋಗುತ್ತಿತ್ತು, ನಿಮಗೆ ಕಾರಣ ಕೂಡ ಗೊತ್ತಾಗುತ್ತಿರಲಿಲ್ಲ.

ವಾಲಿರುವುದು ಎಡಕ್ಕೆ ಇದ್ದರೆ ಆಗ ಮಾತ್ರ ಹೇಳಿ, ಅದು ನಿಜಕ್ಕೂ ಬಿದ್ದ ಗುರುತು.

ಭಾನುವಾರದ ಆಸೆ ಬಿಡಿ. ಯಾವ ಭಾನುವಾರ ಅಂತ ವಿಮಾನವೇ ಹೇಳುತ್ತದೆ.

ಸರ್ವೋಸದ್ದು

ಬೇರೆ ಏನು ಮಾಡುವ ಮುಂಚೆಯೂ ಪ್ರಾಪ್ ಬಿಚ್ಚಿಡಿ. ಮೇಜಿನ ಮೇಲೆ ಕೆಲಸ ಮಾಡುವಷ್ಟು ದಿನವೂ ಅದು ಡ್ರಾಯರ್ ಒಳಗೇ ಇರಲಿ. 10 ಇಂಚಿನ ಪ್ರಾಪ್ ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುತ್ತದೆ, ಬೆರಳು ಅಂದರೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಸೆಟ್ಟಿಂಗ್ ಮಾಡುವಾಗ ಅರಿವಿಲ್ಲದೆ ಥ್ರಾಟಲ್ ತಾಗುವುದು ಎಲ್ಲರಿಗೂ ಆಗುವಂಥದ್ದು.

ಸೆಕೆಂಡ್ ಹ್ಯಾಂಡ್ ವಿಮಾನದ ವಿಷಯದಲ್ಲಿ ನನ್ನದು ಒಂದೇ ಪದ್ಧತಿ. ಹಿಂದಿನವರು ಮಾಡಿದ್ದ ಸೆಟ್ಟಿಂಗ್ ಒಂದನ್ನೂ ನಂಬುವುದಿಲ್ಲ. ಅವರು ಸುಳ್ಳು ಹೇಳಿದ್ದಾರೆ ಅಂತಲ್ಲ. ನಾಲ್ಕು ವರ್ಷದಲ್ಲಿ ಬ್ಯಾಟರಿ ಬದಲಾಗಿರುತ್ತದೆ, ರಿಮೋಟ್‌ನ ಮೆಮೊರಿಯಲ್ಲಿ ಬೇರೆ ವಿಮಾನದ ಸೆಟ್ಟಿಂಗ್ ಕೂತಿರುತ್ತದೆ, ಒಮ್ಮೆ ಬಿದ್ದಾಗ ತಾತ್ಕಾಲಿಕ ಅಂತ ಮಾಡಿದ ರಿಪೇರಿ ಹಾಗೇ ಖಾಯಂ ಆಗಿರುತ್ತದೆ.

ಮೈ ತಪಾಸಣೆಯಿಂದ ಶುರು ಮಾಡಿ. ಮೋಟರನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಜಗ್ಗಿ. ಮೋಟರ್ ಕೂತಿರುವ ಪ್ಲೈವುಡ್ ತುಂಡಿನ ಗೋಂದು ಒಣಗಿ ಬಿಟ್ಟುಕೊಂಡಿದ್ದರೆ ಇಲ್ಲೇ ಗೊತ್ತಾಗುತ್ತದೆ. ಆಮೇಲೆ ಏಲೆರಾನ್ (ರೆಕ್ಕೆಯ ಹಿಂತುದಿಯ ಪಟ್ಟಿ), ಎಲಿವೇಟರ್ (ಬಾಲದ ಅಡ್ಡ ಪಟ್ಟಿ), ರಡ್ಡರ್ (ಬಾಲದ ನಿಂತ ಪಟ್ಟಿ) ಮೂರನ್ನೂ ಒಂದೊಂದಾಗಿ ಹಿಂದಕ್ಕೆ ಎಳೆದು ನೋಡಿ. ಫೋಮ್ ವಿಮಾನಗಳಲ್ಲಿ ಹಿಂಜ್ ಅಂದರೆ ಎಷ್ಟೋ ಸಲ ಅದೇ ಫೋಮಿನ ತೆಳು ಮಡಿಕೆ ಅಷ್ಟೇ. ಹಳೆಯದಾದ ಹಾಗೆ ತುದಿಯಿಂದ ಹರಿಯುತ್ತಾ ಬರುತ್ತದೆ. ಹರಿದಿದ್ದರೆ ಉದ್ದಕ್ಕೂ ಒಳ್ಳೆ ಟೇಪ್ ಹಾಕಿ. ರೆಕ್ಕೆಯನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟುವ ಮಾದರಿಯಾಗಿದ್ದರೆ ಹಳೇ ರಬ್ಬರ್ ಪೂರ್ತಿ ಎಸೆಯಿರಿ.

ರೆಕ್ಕೆಯನ್ನು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಎರಡೂ ತುದಿಗಳು ಒಂದೇ ರೀತಿ ಸ್ವಲ್ಪ ಮುಂದಕ್ಕೆ ಬಗ್ಗಿದ ಹಾಗೆ ತಿರುಚಿದ್ದರೆ ಗಾಬರಿ ಬೇಡ. ಸ್ಟಾಲ್ ಆದಾಗ, ಅಂದರೆ ವೇಗ ಸಾಲದೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯದಾದಾಗ, ತುದಿ ಮೊದಲು ಬೀಳದಿರಲಿ ಅಂತ ಮಾಡಿರುತ್ತಾರೆ. ಒಂದೇ ಕಡೆ ತಿರುಚಿದ್ದರೆ ಅದು ಅಟ್ಟದ ಬಿಸಿಗೆ ಆದದ್ದು. ನಿಮ್ಮದು ಇಪಿಒ ಫೋಮ್ ಅನ್ನಿಸುತ್ತದೆ, ಬಿಸಿನೀರು ಹನಿಸುತ್ತಾ ಎದುರು ದಿಕ್ಕಿಗೆ ನಿಧಾನಕ್ಕೆ ತಿರುಚಿ, ತಣ್ಣಗಾಗುವವರೆಗೆ ಹಿಡಿದುಕೊಂಡರೆ ಸರಿಹೋಗುತ್ತದೆ. ಎಲ್ಲಾದರೂ ಅಂಟಿಸುವಾಗ ಸೂಪರ್ ಗ್ಲೂ ನೇರ ಸುರಿಯಬೇಡಿ. ಇಪಿಒಗೆ ಅದು ಆಗುತ್ತದೆ, ಸಾದಾ ಥರ್ಮಾಕೋಲ್ ಆಗಿದ್ದರೆ ತಿಂದುಹಾಕುತ್ತದೆ. ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ, ಅನುಮಾನ ಇದ್ದರೆ ಎಪಾಕ್ಸಿ.

ಗುಂಯ್ ಅನ್ನುವ ಸರ್ವೋ ಬಗ್ಗೆ. ಅದಕ್ಕೆ ಸಿಕ್ಕಿಸಿರುವ ತಂತಿ, ಅಂದರೆ ಪುಷ್‌ರಾಡ್, ಬಿಚ್ಚಿ ನೋಡಿ. ಸದ್ದು ನಿಂತರೆ ತಪ್ಪು ಸರ್ವೋದಲ್ಲ. ರಾಡ್ ಎಲ್ಲೋ ಉಜ್ಜುತ್ತಿದೆ ಅಥವಾ ಉದ್ದ ಸರಿಯಿಲ್ಲ, ಪಾಪ ಅದು ನಿಂತಲ್ಲೇ ತಳ್ಳಾಡುತ್ತಿದೆ. ನಿಲ್ಲದಿದ್ದರೆ ಸ್ಟಿಕ್ಕನ್ನು ತುಂಬಾ ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ಸರಿಸಿ. ಮಧ್ಯದಲ್ಲಿ ಒಂದು ಕಡೆ ತಟ್ಟನೆ ಹಾರಿದರೆ ಒಳಗಿನ ಹಲ್ಲು ಮುರಿದಿದೆ, ಹೊಸದು ಹಾಕಿ. 9 ಗ್ರಾಮಿನ ಪ್ಲಾಸ್ಟಿಕ್ ಹಲ್ಲಿನ ಸರ್ವೋಗಳಲ್ಲಿ ಇದು ಮಾಮೂಲು. ಬರಿಗೈಯಲ್ಲಿ ತಿರುಗಿಸಿ ಪರೀಕ್ಷೆ ಮಾಡಲು ಹೋಗಬೇಡಿ, ಚೆನ್ನಾಗಿದ್ದ ಹಲ್ಲೂ ಹೋಗುತ್ತದೆ.

ರಿಮೋಟ್‌ನಲ್ಲಿ ಹೊಸ ಮಾಡೆಲ್ ಮೆಮೊರಿ ತೆಗೆದುಕೊಂಡು ಸೊನ್ನೆಯಿಂದ ಮಾಡಿ. ಎಲ್ಲಾ ಟ್ರಿಮ್ (ಸ್ಟಿಕ್ ಮುಟ್ಟದಿದ್ದಾಗ ಪಟ್ಟಿಗಳು ಎಲ್ಲಿ ನಿಲ್ಲಬೇಕು ಅಂತ ಸರಿಮಾಡುವ ಗುಂಡಿಗಳು) ನಡುವಿಗೆ, ಸಬ್‌ಟ್ರಿಮ್ ಸೊನ್ನೆಗೆ. ಈಗ ಸರ್ವೋದ ಕೈ ರಾಡಿಗೆ ನೇರ ಕೋನದಲ್ಲಿ ನಿಲ್ಲಬೇಕು, ಏಲೆರಾನ್ ಮತ್ತು ಎಲಿವೇಟರ್ ಸಮಕ್ಕೆ ಇರಬೇಕು. ಇಲ್ಲದಿದ್ದರೆ ರಾಡಿನ ತುದಿಯ ಕ್ಲೆವಿಸ್ ತಿರುಗಿಸಿ ಉದ್ದ ಸರಿಮಾಡಿ, ಟ್ರಿಮ್ ಒತ್ತಿ ಅಲ್ಲ.

ಆಮೇಲೆ ದಿಕ್ಕು. ವಿಮಾನದ ಹಿಂದೆ ನಿಂತುಕೊಳ್ಳಿ. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲಗಡೆ ಏಲೆರಾನ್ ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ನಿಮ್ಮ ಕಡೆ ಎಳೆದರೆ ಎಲಿವೇಟರ್ ಮೇಲಕ್ಕೆ. ರಡ್ಡರ್ ಸ್ಟಿಕ್ ಬಲಕ್ಕೆ ಹೋದರೆ ರಡ್ಡರಿನ ಹಿಂತುದಿ ಬಲಕ್ಕೆ, ನೆಲದ ಮೇಲೆ ಮುಂದಿನ ಚಕ್ರವೂ ಬಲಕ್ಕೇ. ಇದನ್ನು ಮನೆಯಲ್ಲಿ ಒಮ್ಮೆ ನೋಡಿದರೆ ಸಾಲದು, ಪ್ರತಿ ಹಾರಾಟಕ್ಕೂ ಮುಂಚೆ ನೋಡಬೇಕು. ತಿರುಗುಮುರುಗಾದ ಏಲೆರಾನ್ ಇಟ್ಟುಕೊಂಡು ಮೇಲೇರಿದವರು ಎರಡು ಸೆಕೆಂಡಿಗಿಂತ ಜಾಸ್ತಿ ಹಾರಿಸಿದ್ದನ್ನು ನಾನು ನೋಡಿಲ್ಲ.

ಮೊದಲ ದಿನಕ್ಕೆ ಏಲೆರಾನ್ ಎರಡೂ ಕಡೆಗೆ 8 ರಿಂದ 10 ಮಿಮೀ, ಎಲಿವೇಟರ್ 10 ರಿಂದ 12 ಮಿಮೀ ಆಡಿದರೆ ಈ ಗಾತ್ರಕ್ಕೆ ಧಾರಾಳ. ಎಕ್ಸ್‌ಪೊ 30% ಹಾಕಿ, ಸ್ಟಿಕ್‌ನ ನಡುಭಾಗ ಮೆತ್ತಗಾಗುತ್ತದೆ. ಆದರೆ ಕೆಲವು ಕಂಪನಿಯ ರಿಮೋಟಲ್ಲಿ ಪ್ಲಸ್ ಹಾಕಿದರೆ ಮೆತ್ತಗಾಗುತ್ತದೆ, ಕೆಲವದರಲ್ಲಿ ಮೈನಸ್. ಪರದೆಯ ಮೇಲಿನ ಗೆರೆ ನಡುವಿನಲ್ಲಿ ಚಪ್ಪಟೆ ಆಯಿತೋ ಇಲ್ಲವೋ ನೋಡಿಕೊಳ್ಳಿ.

ಮರಹತ್ತಿದವ

ಮೇಲಿನವರು ಎಲ್ಲಾ ಹೇಳಿದರು, ಸಿಜಿ (ವಿಮಾನದ ತೂಕ ಸಮತೋಲನ ಆಗುವ ಜಾಗ) ಒಂದು ಬಿಟ್ಟು. ನನ್ನ ಮೊದಲ ವಿಮಾನ ಹೋಗಿದ್ದೇ ಅದರಿಂದ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದೂ ಸೆಕೆಂಡ್ ಹ್ಯಾಂಡ್. ಹಳೇ ಬ್ಯಾಟರಿ ಸತ್ತಿತ್ತು, ಹೊಸದು ತಂದೆ. ಅದು ಹಳೆಯದಕ್ಕಿಂತ ಚಿಕ್ಕದು, ಹಗುರ. ಹಗುರ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಖುಷಿಯಲ್ಲಿ ಇದ್ದ ಜಾಗದಲ್ಲೇ ಕೂರಿಸಿದೆ. ಕೈಯಿಂದ ಎಸೆದ ತಕ್ಷಣ ಮೂತಿ ಆಕಾಶಕ್ಕೆ ಎತ್ತಿತು. ನಾನು ಸ್ಟಿಕ್ ಮುಂದೆ ತಳ್ಳಿದೆ, ಧಡಕ್ಕನೆ ನೆಲ ನೋಡಿತು. ಎಳೆದೆ, ಮತ್ತೆ ಆಕಾಶ. ಹೀಗೆ ಮೂರು ಸಲ ತಲೆಯಾಡಿಸಿ ನಾಲ್ಕನೆಯದಕ್ಕೆ ಮರದೊಳಗೆ ಹೋಯಿತು. ಅದನ್ನು ಇಳಿಸಲು ಹೋಗಿ ನಾನೂ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡೆ. ಹೆಸರು ಆವತ್ತಿನದೇ.

ಆಗಿದ್ದು ಏನೂಂದರೆ ಬಾಲ ಭಾರ. ಮೂತಿ ಭಾರ ಇದ್ದರೆ ವಿಮಾನ ಎತ್ತಿನ ಗಾಡಿ ತರಹ ಹೋಗುತ್ತದೆ, ಇಳಿಸುವಾಗ ಸ್ವಲ್ಪ ಜೋರಾಗಿ ಬರುತ್ತದೆ, ಅಷ್ಟೇ. ಬಾಲ ಭಾರ ಇದ್ದರೆ ಅದು ನಿಮ್ಮ ಮಾತು ಕೇಳುವುದೇ ಇಲ್ಲ.

ನಿಮ್ಮ ರೆಕ್ಕೆ ಉದ್ದಕ್ಕೂ ಒಂದೇ ಅಗಲ ಇರುವುದರಿಂದ ಲೆಕ್ಕ ಸುಲಭ. ಇಂಥ ಟ್ರೇನರ್‌ಗೆ ಸಿಜಿ ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ 25 ರಿಂದ 30% ಒಳಗೆ ಇರಬೇಕು. 200 ಮಿಮೀಗೆ ಅದು 50 ರಿಂದ 60 ಮಿಮೀ. ಎರಡೂ ಕಡೆ ರೆಕ್ಕೆಯ ಅಡಿಯಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಬ್ಯಾಟರಿ, ಪ್ರಾಪ್, ಮುಚ್ಚಳ ಎಲ್ಲಾ ಹಾಕಿ, ಹಾರಲು ಹೇಗೆ ಸಿದ್ಧವಾಗಿರುತ್ತದೋ ಹಾಗೇ ಇಟ್ಟುಕೊಂಡು, ಆ ಗೆರೆಗಳ ಮೇಲೆ ಎರಡು ಬೆರಳಿಟ್ಟು ಎತ್ತಿ. ಮೂತಿ ತುಸು ಕೆಳಗಾದರೆ ಸಂತೋಷ. ಬಾಲ ಇಳಿದರೆ ಬ್ಯಾಟರಿ ಮುಂದಕ್ಕೆ ತಳ್ಳಿ.

ಎಷ್ಟು ತಳ್ಳಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಬ್ಯಾಟರಿಯ ತೂಕವನ್ನು ತಳ್ಳಿದ ದೂರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿ. 180 ಗ್ರಾಮಿನ ಬ್ಯಾಟರಿಯನ್ನು 60 ಮಿಮೀ ಮುಂದೆ ತಳ್ಳಿದರೆ 1200 ಗ್ರಾಮಿನ ವಿಮಾನದಲ್ಲಿ ಸಿಜಿ 9 ಮಿಮೀ ಮುಂದೆ ಬರುತ್ತದೆ. ಅದಕ್ಕೂ ಜಾಗ ಸಾಲದಿದ್ದರೆ ಮೂತಿಗೆ ತೂಕ ಅಂಟಿಸಿ. ನಾಚಿಕೆ ಪಡುವಂಥದ್ದೇನಿಲ್ಲ.

ಒಂದೇಬ್ಯಾಟರಿ

ಸ್ವಲ್ಪ ಉಬ್ಬಿದ ಬ್ಯಾಟರಿಯಲ್ಲಿ ನಾನು ಒಂದು ವರ್ಷ ಹಾರಿಸಿದ್ದೇನೆ, ಏನೂ ಆಗಿಲ್ಲ. ಉಬ್ಬಿದೆ ಅಂತ ಹೊಸಬರು ಸುಮ್ನೆ ಹೆದರಬೇಕಾಗಿಲ್ಲ.

ಸರ್ವೋಸದ್ದು

ಆಗಿಲ್ಲ ಅಂದರೆ ಆಗುವುದಿಲ್ಲ ಅಂತಲ್ಲ ಗುರುಗಳೇ. ನಿಮಗೆ ನಿಮ್ಮ ಬ್ಯಾಟರಿಯ ಚರಿತ್ರೆ ಗೊತ್ತಿತ್ತು. ಇವರದು ನಾಲ್ಕು ವರ್ಷ ಅಟ್ಟದಲ್ಲಿ ಯಾವ ವೋಲ್ಟೇಜಿನಲ್ಲಿ ಮಲಗಿತ್ತೋ ಯಾರಿಗೆ ಗೊತ್ತು? ಉಬ್ಬಿದೆ ಅಂದರೆ ಒಳಗೆ ಗ್ಯಾಸ್ ಆಗಿದೆ. ಚಾರ್ಜ್ ಮಾಡುವಾಗ ಬೆಂಕಿ ಹತ್ತಿಕೊಂಡರೆ ಅದು ನೀರು ಚಿಮುಕಿಸಿದರೆ ಆರುವ ಬೆಂಕಿಯಲ್ಲ. ಬೆಂಕಿ ಒಂದು ಕಡೆ ಇರಲಿ, ಇಂಥ ಬ್ಯಾಟರಿ ಪೂರ್ತಿ ಥ್ರಾಟಲ್ ಕೊಟ್ಟಾಗ ವೋಲ್ಟೇಜ್ ಕುಸಿದು, ಟೇಕಾಫ್ ಆದ ಹತ್ತು ಸೆಕೆಂಡಿಗೆ ಇಎಸ್‌ಸಿ ಮೋಟರನ್ನು ನಿಲ್ಲಿಸಿಬಿಡುತ್ತದೆ. ಹೊಸಬನಿಗೆ ಮೊದಲ ಹಾರಾಟದಲ್ಲೇ ಅದು ಬೇಕಾ?

@ಹೊಸರೆಕ್ಕೆ, ಹೊಸದು ತಗೊಳ್ಳಿ. ಹಳೆಯದನ್ನು ಪೂರ್ತಿ ಇಳಿಸಿ, ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಕಡೆ ಕೊಡಿ, ಕಸದ ಬುಟ್ಟಿಗೆ ಹಾಕಬೇಡಿ. ಹೊಸದನ್ನು ಬ್ಯಾಲೆನ್ಸ್ ಚಾರ್ಜರ್‌ನಲ್ಲೇ (ಎಲ್ಲಾ ಸೆಲ್ ಸಮವಾಗಿ ತುಂಬುವಂಥದ್ದು), 1ಸಿ ವೇಗದಲ್ಲಿ, ಅಂದರೆ 2200 ಎಂಎಎಚ್‌ಗೆ 2.2 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿ, ನೀವು ಎದುರಿಗಿದ್ದಾಗ ಮಾತ್ರ. ತುಂಬಿದಾಗ ಪ್ರತಿ ಸೆಲ್ 4.2 ವೋಲ್ಟ್, ಮೂರೂ ಸೇರಿ 12.6. ಒಂದು ವಾರ ಹಾರಿಸುವುದಿಲ್ಲ ಅಂದರೆ ಸೆಲ್‌ಗೆ 3.8ಕ್ಕೆ ಇಳಿಸಿಡಿ. ಇದೊಂದನ್ನು ಮಾಡಿದ್ದರೆ ಆ ಹಳೇ ಬ್ಯಾಟರಿಯೂ ಉಬ್ಬುತ್ತಿರಲಿಲ್ಲವೇನೋ. ಜೊತೆಗೆ ಬ್ಯಾಲೆನ್ಸ್ ವೈರಿಗೆ ಚುಚ್ಚುವ ಪುಟ್ಟ ವೋಲ್ಟೇಜ್ ಅಲಾರಂ ಸಿಗುತ್ತದೆ, ಸೆಲ್‌ಗೆ 3.5ಕ್ಕೆ ಇಡಿ, ಮೇಲೆ ಹಾರುವಾಗಲೂ ಕೂಗಿದರೆ ಕೇಳಿಸುತ್ತದೆ.

ಹೊಸರೆಕ್ಕೆ

ಭಾನುವಾರ ಹಾರಿಸಲಿಲ್ಲ. ಎರಡು ಭಾನುವಾರ ಮೇಜಿನ ಮೇಲೇ ಕಳೆಯಿತು. ಸಿಕ್ಕಿದ್ದನ್ನೆಲ್ಲ ಬರೆಯುತ್ತೇನೆ, ನಗಬೇಡಿ.

ಮೋಟರ್ ಬಲಕ್ಕೇ ವಾಲಿದೆ, ಹಾಗೇ ಬಿಟ್ಟಿದ್ದೇನೆ. ಆದರೆ ಜಗ್ಗಿದಾಗ ಪ್ಲೈವುಡ್ ಎಡ ಮೂಲೆಯಲ್ಲಿ ಕೂದಲೆಳೆಯಷ್ಟು ಬಾಯಿ ಬಿಟ್ಟಿತು, ಎಪಾಕ್ಸಿ ತುಂಬಿದೆ. ಗುಂಯ್ ಸರ್ವೋ ಎಲಿವೇಟರಿನದು. ರಾಡ್ ಬಿಚ್ಚಿದ ತಕ್ಷಣ ಸುಮ್ಮನಾಯಿತು. ರಾಡ್ ಹೋಗುವ ಕೊಳವೆಯೊಳಗೆ ಯಾವುದೋ ಹುಳ ಮಣ್ಣಿನ ಗೂಡು ಕಟ್ಟಿತ್ತು!

ರಿಮೋಟ್‌ನಲ್ಲಿ ಏಲೆರಾನ್ ತಿರುಗುಮುರುಗು ಇತ್ತು. ನಿಜವಾಗಿ. ಬಹುಶಃ ಅವರು ಕೊನೆಗೆ ಬೇರೆ ಯಾವುದೋ ವಿಮಾನಕ್ಕೆ ಆ ಮೆಮೊರಿ ಬಳಸಿರಬೇಕು. ಈ ಪೋಸ್ಟ್ ಹಾಕದೇ ಮೊದಲ ಭಾನುವಾರವೇ ಹೋಗಿದ್ದರೆ ನಾನೂ ಆ ಎರಡು ಸೆಕೆಂಡಿನವರ ಪಟ್ಟಿಗೆ ಸೇರುತ್ತಿದ್ದೆ.

ಹೊಸ ಬ್ಯಾಟರಿ 180 ಗ್ರಾಂ. ಒಳಗೆ ಪೆನ್ನಿನಲ್ಲಿ "ಇಲ್ಲಿ" ಅಂತ ಬರೆದ ಜಾಗದಲ್ಲಿ ಇಟ್ಟರೆ ಸಿಜಿ 66 ಮಿಮೀ ಬಂತು. 60 ಮಿಮೀ ಮುಂದಕ್ಕೆ ತಳ್ಳಿದೆ, 57 ಆಯಿತು. @ಮರಹತ್ತಿದವ ನಿಮ್ಮ ಲೆಕ್ಕ ಮಿಲಿಮೀಟರ್‌ಗೂ ತಪ್ಪಲಿಲ್ಲ.

ಈಗ ಎರಡು ಪ್ರಶ್ನೆ. ಪ್ರಾಪ್ ಬಿಚ್ಚಿ ಮೋಟರ್ ಓಡಿಸುತ್ತಾ ರಿಮೋಟ್ ಆಫ್ ಮಾಡಿ ನೋಡಿದೆ, ಎಲ್ಲೋ ಓದಿದ್ದೆ. ಮೋಟರ್ ನಿಲ್ಲಲೇ ಇಲ್ಲ, ಓಡುತ್ತಲೇ ಇತ್ತು. ಇದು ಸರಿಯಾ? ಇನ್ನೊಂದು, ರಿಸೀವರ್‌ನ ಎರಡು ಕಪ್ಪು ತಂತಿಗಳನ್ನು ಬ್ಯಾಟರಿ ಕೆಳಗೆ ಸುತ್ತಿಟ್ಟಿದ್ದರು, ಹಾಗೇ ಬಿಡಲಾ?

ಗಾಳಿಮುಖ

ಎರಡೂ ಸರಿಯಿಲ್ಲ. ನೋಡಿದ್ದು ಒಳ್ಳೆಯದಾಯಿತು.

ಮೊದಲನೆಯದು ಫೇಲ್‌ಸೇಫ್. ಸಿಗ್ನಲ್ ತಪ್ಪಿದಾಗ ರಿಸೀವರ್ ಏನು ಮಾಡಬೇಕು ಅನ್ನುವ ಸೆಟ್ಟಿಂಗ್. ನಿಮ್ಮದು ಕೊನೆಗೆ ಬಂದ ಆಜ್ಞೆಯನ್ನೇ ಹಿಡಿದುಕೊಂಡಿದೆ. ಮೇಲೆ ಸಿಗ್ನಲ್ ಹೋದರೆ ಅರ್ಧ ಥ್ರಾಟಲ್‌ನಲ್ಲಿ ಹೀಗೇ ಊರು ಬಿಟ್ಟು ಹೋಗುತ್ತದೆ, ಎಲ್ಲಿ ಯಾರ ತಲೆ ಮೇಲೆ ಇಳಿಯುತ್ತದೋ. ಥ್ರಾಟಲ್ ಸೊನ್ನೆಗೆ ಬರುವ ಹಾಗೆ ಮಾಡಿ. ಕೆಲವು ಸೆಟ್ಟಲ್ಲಿ ಮೆನುವಿನಲ್ಲಿ ಇರುತ್ತದೆ, ಕೆಲವದರಲ್ಲಿ ಥ್ರಾಟಲ್ ಕೆಳಗಿಟ್ಟು ಮತ್ತೆ ಬೈಂಡ್ ಮಾಡಬೇಕು, ಅಂದರೆ ರಿಮೋಟ್‌ಗೂ ರಿಸೀವರ್‌ಗೂ ಹೊಸದಾಗಿ ಜೋಡಿ ಮಾಡಬೇಕು. ಮಾಡಿದ ಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ. ಪ್ರಾಪ್ ಇಲ್ಲದೆ.

ಕಪ್ಪು ತಂತಿಗಳು ಆಂಟೆನಾ. ತುದಿಯಲ್ಲಿ ಹೊದಿಕೆ ಇಲ್ಲದ ಸುಮಾರು 31 ಮಿಮೀ ಇದೆಯಲ್ಲ, ಕೆಲಸ ಮಾಡುವುದು ಅದೇ, 2.4 ಗಿಗಾಹರ್ಟ್ಸ್ ಅಲೆಯ ಕಾಲು ಭಾಗ. ಅದನ್ನು ಮಡಚಬಾರದು, ಬ್ಯಾಟರಿ ಮತ್ತು ಕಾರ್ಬನ್ ಕೋಲಿನಿಂದ ದೂರ ಇರಬೇಕು, ಎರಡೂ ಒಂದಕ್ಕೊಂದು ಎಲ್ ಆಕಾರದಲ್ಲಿ ಇರಲಿ. ವಿಮಾನ ಹೇಗೇ ತಿರುಗಿದರೂ ಒಂದಾದರೂ ಕೇಳಿಸಿಕೊಳ್ಳುತ್ತದೆ. ಆಮೇಲೆ ರಿಮೋಟ್‌ನ ರೇಂಜ್ ಟೆಸ್ಟ್ ಮೋಡ್ ಹಾಕಿ, ಬೇರೆಯವರು ವಿಮಾನ ಹಿಡಿದಿರಲಿ, ನೀವು ಮೂವತ್ತು ಹೆಜ್ಜೆ ದೂರ ಹೋಗಿ ಎಲ್ಲಾ ಆಡಿಸಿ ನೋಡಿ. ಅಲ್ಲೂ ತಡವರಿಸದೆ ಆಡಬೇಕು.

ಆನ್ ಮಾಡುವಾಗ ಮೊದಲು ರಿಮೋಟ್, ಆಮೇಲೆ ವಿಮಾನ. ಆಫ್ ಮಾಡುವಾಗ ಮೊದಲು ವಿಮಾನ.

ಈಗ ಹಾರಿಸುವುದು. ಗೊತ್ತಿರುವವರು ಒಬ್ಬರು ಸಿಕ್ಕರೆ ಮೊದಲ ಹಾರಾಟ ಅವರೇ ಮಾಡಿ ಟ್ರಿಮ್ ಹಾಕಿಕೊಡಲಿ. ಇದರಲ್ಲಿ ನಿಮ್ಮ ಮರ್ಯಾದೆಯ ಪ್ರಶ್ನೆ ಏನಿಲ್ಲ. ಯಾರೂ ಸಿಗದಿದ್ದರೆ ಪಿಕಾಸಿಮ್ ತರಹದ ಸಿಮ್ಯುಲೇಟರ್‌ನಲ್ಲಿ ಹತ್ತು ಗಂಟೆಯಾದರೂ ಕೂರಿ. ನಿಮ್ಮ ರಿಮೋಟ್‌ನಲ್ಲಿ ಥ್ರಾಟಲ್ ಎಡಗಡೆ ಇದ್ದರೆ ಅದು ಮೋಡ್ 2, ಸಿಮ್ಯುಲೇಟರಿಗೂ ಅದನ್ನೇ ಕೊಡಿ. ಅಲ್ಲಿ ಕಲಿಯಬೇಕಾದ್ದು ಕಸರತ್ತಲ್ಲ, ವಿಮಾನ ನಿಮ್ಮ ಕಡೆಗೇ ಮುಖ ಮಾಡಿ ಬರುವಾಗ ಏನು ಮಾಡಬೇಕು ಅನ್ನುವುದು. ಆಗ ಎಡ ಬಲ ತಲೆಕೆಳಗಾಗುತ್ತದೆ. ನಾನು ಇಟ್ಟುಕೊಂಡಿರುವ ಉಪಾಯ, ಯಾವ ರೆಕ್ಕೆ ಕೆಳಗೆ ಇಳಿದಿದೆಯೋ ಸ್ಟಿಕ್ಕನ್ನು ಆ ಕಡೆಗೇ ತಳ್ಳುವುದು, ಬೀಳುತ್ತಿರುವ ರೆಕ್ಕೆಗೆ ಆಸರೆ ಕೊಟ್ಟ ಹಾಗೆ. ಯೋಚನೆ ಮಾಡದೆ ಕೈ ಅದನ್ನು ಮಾಡುವವರೆಗೆ ಅಭ್ಯಾಸ ಮಾಡಿ.

ಜಾಗ ವಿಶಾಲವಾಗಿರಲಿ, ಜನ, ಕರೆಂಟ್ ತಂತಿ, ರಸ್ತೆ ಹತ್ತಿರ ಇರಬಾರದು, ನೀವಿರುವ ಕಡೆ ಹಾರಿಸಲು ಏನು ನಿಯಮ ಇದೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಎಲೆ ಅಲುಗಾಡಿದರೆ ಪರವಾಗಿಲ್ಲ. ಸಣ್ಣ ರೆಂಬೆಗಳೂ ಬಿಡದೆ ಆಡುತ್ತಿದ್ದರೆ ಗಾಳಿ ಗಂಟೆಗೆ 12 ಕಿಮೀ ದಾಟಿದೆ ಅಂತ ಅರ್ಥ, ವಾಪಸ್ ಮನೆಗೆ.

ಟೇಕಾಫ್ ಗಾಳಿಗೆ ಎದುರಾಗಿ. ಥ್ರಾಟಲ್ ನಿಧಾನಕ್ಕೆ ಏರಿಸಿ, ರಡ್ಡರ್‌ನಿಂದ ನೇರ ಇಟ್ಟುಕೊಳ್ಳಿ, ನೆಲ ಬಿಟ್ಟ ಮೇಲೆ ಮೂತಿ ಜಾಸ್ತಿ ಎತ್ತಬೇಡಿ. ಎರಡು ತಪ್ಪು ಮಾಡಿದರೂ ಸರಿಮಾಡಿಕೊಳ್ಳುವಷ್ಟು ಎತ್ತರ ಮೊದಲು ಗಳಿಸಿ, 30 ಮೀಟರಾದರೂ ಇರಲಿ, ಅಲ್ಲಿ ಅರ್ಧ ಥ್ರಾಟಲ್‌ಗೆ ಇಳಿಸಿ ಟ್ರಿಮ್ ಮಾಡಿ. ಸ್ಟಿಕ್ ಬಿಟ್ಟರೂ ನೆಟ್ಟಗೆ ಹೋಗಬೇಕು.

ಹೊಸಬರು ಬೀಳಿಸುವುದು ಹೆಚ್ಚಾಗಿ ತಿರುವಿನಲ್ಲಿ. ವಿಮಾನ 40 ಕಿಮೀ ವೇಗದಲ್ಲಿದೆ, ಗಾಳಿ 10 ಇದೆ ಅಂದುಕೊಳ್ಳಿ. ಗಾಳಿಯ ಜೊತೆ ಹೋಗುವಾಗ ನೆಲದ ಲೆಕ್ಕದಲ್ಲಿ ಅದು 50ರಲ್ಲಿ ಓಡುತ್ತದೆ. ಅಯ್ಯೋ ಜೋರಾಯಿತು ಅಂತ ನೀವು ಥ್ರಾಟಲ್ ಇಳಿಸುತ್ತೀರಿ. ರೆಕ್ಕೆಗೆ ಸಿಗುತ್ತಿರುವುದು ಮೊದಲೇ 40, ಈಗ ಅದೂ ಕಡಿಮೆ. ಅದೇ ಹೊತ್ತಿಗೆ ರೆಕ್ಕೆ ಓರೆ ಮಾಡಿ ಸ್ಟಿಕ್ ಎಳೆದು ತಿರುಗಿಸಿದರೆ ಮುಗಿಯಿತು. 60 ಡಿಗ್ರಿ ಓರೆಯಲ್ಲಿ ಎತ್ತರ ಕಳೆದುಕೊಳ್ಳದೆ ತಿರುಗಬೇಕೆಂದರೆ ಸ್ಟಾಲ್ ಆಗುವ ವೇಗ ಸುಮಾರು 40% ಮೇಲೇರುತ್ತದೆ. ಒಂದು ರೆಕ್ಕೆ ಧೊಪ್ಪನೆ ಬೀಳುತ್ತದೆ, ಏಲೆರಾನ್ ಕೊಟ್ಟು ಎತ್ತಲು ಹೋದರೆ ಇನ್ನೂ ಬೀಳುತ್ತದೆ. ಆಗ ಸ್ಟಿಕ್ ಬಿಡಿ, ಮೂತಿ ಇಳಿಯಲಿ, ವೇಗ ಬರಲಿ, ಆಮೇಲೆ ಸಮ ಮಾಡಿ. ಇದನ್ನು ಎತ್ತರದಲ್ಲಿ ಬೇಕಂತಲೇ ಒಂದೆರಡು ಸಲ ಮಾಡಿ ನೋಡಿ, ನಿಮ್ಮ ವಿಮಾನ ಸ್ಟಾಲ್ ಆಗುವ ಮುಂಚೆ ಹೇಗೆ ಕಾಣುತ್ತದೆ ಅಂತ ಕಣ್ಣಿಗೆ ಗೊತ್ತಿರಲಿ.

ಟೈಮರ್ 4 ನಿಮಿಷಕ್ಕೆ ಇಡಿ. ಬ್ಯಾಟರಿ ಇರುವಾಗಲೇ ಇಳಿಸಿದರೆ ತಪ್ಪಿದಾಗ ಇನ್ನೊಂದು ಸುತ್ತು ಹಾಕಬಹುದು.

ಒಂದೇಬ್ಯಾಟರಿ

ಇಷ್ಟೆಲ್ಲ ಓದಿದರೆ ಅವರು ಹಾರಿಸುವುದನ್ನೇ ಬಿಟ್ಟುಬಿಡುತ್ತಾರೆ 😄 ಒಂದು ಸೇರಿಸುತ್ತೇನೆ. ಪ್ರಾಪ್ ವಾಪಸ್ ಹಾಕುವಾಗ ಅಕ್ಷರ ಮುಂದಕ್ಕೆ ಬರಲಿ. ತಿರುಗಿಸಿ ಹಾಕಿದರೂ ಗಾಳಿ ಹಿಂದಕ್ಕೇ ಬಿಡುತ್ತದೆ, ಆದರೆ ಎಳೆತ ಸಾಲುವುದಿಲ್ಲ, ಅರ್ಧ ಮೈದಾನ ಓಡಿದರೂ ಏಳುವುದಿಲ್ಲ. ನಾನು ಒಂದಿಡೀ ಬೆಳಗ್ಗೆ ಮೋಟರ್ ಸತ್ತಿದೆ ಅಂತ ಬೈಕೊಂಡು ಓಡಾಡಿದ್ದೇನೆ.

ಹೊಸರೆಕ್ಕೆ

ಹಾರಿತು!!!

ಇವತ್ತು ಬೆಳಗ್ಗೆ. ಗಾಳಿ ಇರಲಿಲ್ಲ. ಅಲ್ಲೇ ಹಾರಿಸುತ್ತಿದ್ದ ಹಿರಿಯರೊಬ್ಬರು ನನ್ನ ವಿಮಾನವನ್ನು ಮೂಗಿನಿಂದ ಬಾಲದವರೆಗೆ ಮುಟ್ಟಿ ನೋಡಿ, ಏಲೆರಾನ್ ದಿಕ್ಕು ಎರಡು ಸಲ ಕೇಳಿ, ಮೊದಲ ಎರಡು ನಿಮಿಷ ಅವರೇ ಹಾರಿಸಿ, ಟ್ರಿಮ್ ಹಾಕಿ, ಮೇಲೆ ಇರುವಾಗಲೇ ರಿಮೋಟ್ ನನ್ನ ಕೈಗೆ ಕೊಟ್ಟುಬಿಟ್ಟರು. ನನ್ನ ಮೊಣಕಾಲು ನಡುಗಿದ್ದು ಅವರಿಗೂ ಕಂಡಿರಬೇಕು. ಎರಡು ದೊಡ್ಡ ಸುತ್ತು ಹಾಕಿದೆ. ಒಮ್ಮೆ ನನ್ನ ಕಡೆ ಬರುವಾಗ ತಪ್ಪು ದಿಕ್ಕಿಗೆ ತಳ್ಳಿದೆ, ಆಮೇಲೆ ಇಳಿದ ರೆಕ್ಕೆಯ ಕಡೆ ಅನ್ನುವುದು ನೆನಪಾಗಿ ಸರಿಹೋಯಿತು. ಲ್ಯಾಂಡಿಂಗ್ ಅವರೇ ಮಾಡಿದರು, ನಾನು ಕೇಳಲೂ ಇಲ್ಲ.

ಎರಡನೇ ಸಲ ಟೇಕಾಫ್‌ನಿಂದ ನಾನೇ. ಇಳಿಸುವಾಗ ಹುಲ್ಲಿನಲ್ಲಿ ಮೂರು ಸಲ ಕುಪ್ಪಳಿಸಿ ಮುಂದಿನ ಚಕ್ರ ಸ್ವಲ್ಪ ಬಾಗಿತು. ಬೇರೆ ಏನೂ ಆಗಿಲ್ಲ.

ಎರಡೂ ಸಲ 4 ನಿಮಿಷ. ಮನೆಗೆ ಬಂದು ಚಾರ್ಜ್ ಮಾಡಿದರೆ ಒಂದೊಂದು ಬ್ಯಾಟರಿಗೂ ಸುಮಾರು 900 ಎಂಎಎಚ್ ಹೋಯಿತು (ಬುದ್ಧಿ ಬಂದು ಎರಡು ಬ್ಯಾಟರಿ ತಗೊಂಡಿದ್ದೆ). ಹಾಗಾದರೆ ನಿಮಿಷಕ್ಕೆ 225. ಟೈಮರ್ ಎಷ್ಟಕ್ಕೆ ಏರಿಸಬಹುದು? ಇನ್ನೊಂದು, ಅವರು ಏಲೆರಾನ್ ಟ್ರಿಮ್ ಬಲಕ್ಕೆ ಹತ್ತು ಕ್ಲಿಕ್ ಹಾಕಿದ್ದಾರೆ. ಹಾಗೇ ಬಿಡಬಹುದಾ?

ಸರ್ವೋಸದ್ದು

ಶಹಬ್ಬಾಸ್!

2200ರಲ್ಲಿ 80% ಅಂದರೆ 1760, ನಿಮಿಷಕ್ಕೆ 225ರಂತೆ 7.8 ನಿಮಿಷಕ್ಕೆ ಅಲ್ಲಿಗೆ ಮುಟ್ಟುತ್ತೀರಿ. ಅದಕ್ಕಿಂತ ಕೆಳಗೆ ಬ್ಯಾಟರಿ ಇಳಿಸಬೇಡಿ. ಟೈಮರ್ 6ಕ್ಕೆ ಇಡಿ, ಇಳಿಸಲು ಎರಡು ಮೂರು ಪ್ರಯತ್ನ ಆದರೂ ಉಳಿದಿರುತ್ತದೆ. ಧೈರ್ಯ ಬಂದು ಥ್ರಾಟಲ್ ಜಾಸ್ತಿ ಕೊಡಲು ಶುರು ಮಾಡಿದಾಗ ಮತ್ತೆ ಲೆಕ್ಕ ಹಾಕಿ.

ಹತ್ತು ಕ್ಲಿಕ್ ಬಿಡಬೇಡಿ. ಮೊದಲು ರೆಕ್ಕೆಯ ತುದಿಗಳನ್ನು ಇನ್ನೊಮ್ಮೆ ಒಂದು ಕಣ್ಣು ಮುಚ್ಚಿ ನೋಡಿ, ತಿರುಚಿದ್ದರೆ ಅದನ್ನೇ ಸರಿಮಾಡಿ. ಅಲ್ಲಿ ಏನೂ ಇಲ್ಲ ಅಂದರೆ ರಿಮೋಟ್ ಆನ್ ಇರುವಾಗ ಎರಡೂ ಏಲೆರಾನ್ ಈಗ ಎಲ್ಲಿ ನಿಂತಿವೆ ಅಂತ ಸ್ಕೇಲ್ ಇಟ್ಟು ಬರೆದುಕೊಳ್ಳಿ, ಟ್ರಿಮ್ ನಡುವಿಗೆ ತನ್ನಿ, ಕ್ಲೆವಿಸ್ ತಿರುಗಿಸಿ ಅವು ಬರೆದುಕೊಂಡ ಜಾಗಕ್ಕೇ ಬರುವ ಹಾಗೆ ಮಾಡಿ.

ಬಾಗಿದ ಚಕ್ರದ ತಂತಿಯನ್ನು ವಿಮಾನದಲ್ಲಿ ಇರುವಾಗ ಬಗ್ಗಿಸಬೇಡಿ, ಬಿಚ್ಚಿ ವೈಸ್‌ಗೆ ಕಚ್ಚಿಸಿ ಬಗ್ಗಿಸಿ. ಇಲ್ಲದಿದ್ದರೆ ಫೋಮ್ ಸೀಳುತ್ತದೆ.

ಮರಹತ್ತಿದವ

ಮೈದಾನದ ಸುತ್ತ ಮರ ಇದೆಯಾ?

ಹೊಸರೆಕ್ಕೆ

ಒಂದು. ಒಂದೇ ಒಂದು. ಎರಡೂ ಸಲ ವಿಮಾನ ಅದರ ಕಡೆಗೇ ಹೋಗುತ್ತಿತ್ತು.